ಬಾಡಿಗೆ ಮನೆಯ ಅಕ್ಷರಗಳು

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ನಂಬಿದವರು ನಾವು. ಕಂಪ್ಯೂಟರಿಗೆ ಈ ವ್ಯುತ್ಪತ್ತಿ ತಿಳಿಯದು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ನಮ್ಮ ತಲಕಟ್ಟು, ಗುಡಿಸು, ಒತ್ತುಗಳನ್ನು ಬಾಡಿಗೆಗೆ ಕೂರಿಸಿದ್ದವು. ಫೈಲಿನಲ್ಲಿ ಉಳಿಯುವುದು ಬರಿಯ ಮನೆ ನಂಬರು. ಫಾಂಟು ಬದಲಾದರೆ ಅದೇ ಬಾಗಿಲಲ್ಲಿ ಬೇರೆ ಯಾರೋ ನಿಂತಿರುತ್ತಾರೆ. ಸಾಲದೆಂಬಂತೆ, 127ಕ್ಕಿಂತ ಮೇಲಿನ ನಂಬರುಗಳ ವಿಷಯದಲ್ಲಿ ವಿಂಡೋಸಿಗೂ ಮ್ಯಾಕಿಗೂ ಒಮ್ಮತವಿರಲಿಲ್ಲ.

ತೀರಿಕೊಂಡ ಸ್ನೇಹಿತರೊಬ್ಬರ ಬಾಲ್ಯದ ನೆನಪುಗಳನ್ನು ಪುಸ್ತಕ ಮಾಡಲು ಹೊರಟೆವು. 1999ರಲ್ಲಿ ಅವರೇ ಟೈಪು ಮಾಡಿದ್ದ ಫೈಲನ್ನು ಮುದ್ರಣಾಲಯದ ಮ್ಯಾಕಿನಲ್ಲಿ ತೆರೆದರೆ, ಅವರ ತಾಯಿಯ ಹೆಸರಿರಬೇಕಾದ ಕಡೆ ಪೌಂಡು, ಡಾಲರುಗಳ ಸಂತೆ! “ಕೈಯಲ್ಲಿ ಬರೆದಿಟ್ಟಿದ್ದರೆ ಓದಬಹುದಿತ್ತಲ್ಲ, ಮಾಮ” ಎಂದಳು ಮಗಳು. ಹಳೆಯ ಫಾಂಟು ಹುಡುಕಿ, ಪರಿವರ್ತಕಕ್ಕೆ ಕೊಟ್ಟು ಯೂನಿಕೋಡಿಗೆ ತಂದೆವು. ಒತ್ತಕ್ಷರ ಎಡವಿದಲ್ಲೆಲ್ಲ ಅವಳೇ ಕೂತು ತಿದ್ದಿದಳು.

1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ದೊರೆತಿತ್ತು. ಒಕ್ಕಲು ಬರಲು ಮಾತ್ರ ವರ್ಷಗಳೇ ಹಿಡಿದವು. ಅಲ್ಲಿ ನಂಬರು ಅಕ್ಷರದ್ದು, ಅದರ ವೇಷದ್ದಲ್ಲ.

ನಿಮ್ಮ ಬೀರುವಿನ ಹಳೆಯ ಸಿ.ಡಿ.ಯಲ್ಲೂ ಹಿರಿಯರೊಬ್ಬರು ಬಾಡಿಗೆಗಿರಬಹುದು. ಆ ಫಾಂಟು ಬಲ್ಲವರು ಇರುವಾಗಲೇ ಅವರನ್ನು ಸ್ವಂತ ಮನೆಗೆ ಕರೆತನ್ನಿ.