ಮಾಗಿಯ ಚಳಿಯಲ್ಲಿ ಮೂಡಿಗೆರೆಯ ದಾರಿ

ಡಿಸೆಂಬರ್, ಜನವರಿಯ ನಸುಕಿನಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಯತ್ತ ಹೊರಟ ಬೈಕ್ ಸವಾರನಿಗೆ, ಚಳಿಯು ಸೀಮೆಗೆಲ್ಲ ಸಮನಾಗಿ ಹಂಚಿಕೆಯಾಗಿಲ್ಲವೆಂಬುದು ನಾಲ್ಕೈದು ಮೈಲಿ ಸಾಗುವಷ್ಟರಲ್ಲೇ ಮನದಟ್ಟಾಗುತ್ತದೆ. ಕಾಫಿ ತೋಟದ ಇಳಿಜಾರಿನಲ್ಲಿ ನೆರಳಿನ ಮರಗಳ ಚಪ್ಪರವು ನೆಲದ ಕಾವನ್ನು ರಾತ್ರಿಯಿಡೀ ಅಷ್ಟಿಷ್ಟು ತಡೆದಿಟ್ಟಿರುವುದರಿಂದ ಗಾಳಿ ಸಹಿಸುವಂತಿರುತ್ತದೆ. ಅದೇ ರಸ್ತೆ ತಗ್ಗಿಗಿಳಿದು ಗದ್ದೆಬಯಲನ್ನು ಹಾಯುವಾಗ ಮೊಣಕಾಲು ಒಮ್ಮೆಲೇ ಜುಮ್ಮೆನ್ನುತ್ತದೆ. ಮೋಡವಿಲ್ಲದ ರಾತ್ರಿ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತಲೇ, ಅದಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಹಳ್ಳದ ನೀರಿನಂತೆ ತಗ್ಗಿಗೆ ಹರಿದು ಮಡುಗಟ್ಟುತ್ತದೆ. ಮೇಲೇರಿದಷ್ಟೂ ತಂಪು ಹೆಚ್ಚೆಂಬ ವಾಡಿಕೆಯ ನಿಯಮವನ್ನು ತಲೆಕೆಳಗು ಮಾಡುವ ಈ ಸ್ಥಿತಿಗೆ ಹವಾಮಾನ ಶಾಸ್ತ್ರದಲ್ಲಿ ಉಷ್ಣತಾ ವಿಲೋಮವೆಂದು ಹೆಸರು. ಕಾರಿನ ಗಾಜು ಏರಿಸಿ ಕುಳಿತವರಿಗೆ ಈ ಭೂಗೋಳ ದಕ್ಕುವುದಿಲ್ಲ.

ಹೊರಡುವುದೇ ಒಂದು ಸಾಹಸ. ಚಳಿಗೆ ಪೆಟ್ರೋಲು ಸುಲಭವಾಗಿ ಆವಿಯಾಗದಿರುವುದರಿಂದ, ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳಲ್ಲಿ ಒಳಬರುವ ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಚೋಕ್ ಎಂಬ ಏರ್ಪಾಡನ್ನು ಎಳೆಯಬೇಕಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿಗಳದ್ದು ಇನ್ನೊಂದು ವೈಶಿಷ್ಟ್ಯ: ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವ ಲಿವರೇ ಮುಂದಕ್ಕೆ ಬಂದರೆ ಗೇರ್ ಹಾಕುವ ಲಿವರ್. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ, ನಾಲ್ಕಾರು ಒದೆತಗಳಿಗೆ ಮಣಿಯದೆ, ಕೊನೆಗೊಮ್ಮೆ ನೀಲಿ ಹೊಗೆಯುಗುಳಿ ಕೇರಿಯನ್ನೆಲ್ಲ ಎಬ್ಬಿಸುವ ಆ ಬೈಕುಗಳ ಅಭಿಮಾನಿಗಳಿಗೆ ಇಂದಿಗೂ ಬರವಿಲ್ಲ.

ಬೈಕಿನ ಮೇಲಿನ ಚಳಿಯಲ್ಲಿ ಋತುವಿನದೆಷ್ಟೋ ವೇಗದ್ದೂ ಅಷ್ಟೇ. ನಿಂತ ದೇಹವನ್ನು ಅದರದೇ ಕಾವಿನಿಂದ ಬೆಚ್ಚಗಾದ ಗಾಳಿಯ ತೆಳುಪದರವೊಂದು ಸುತ್ತಿಕೊಂಡಿರುತ್ತದೆ. ಓಟದ ಗಾಳಿ ಅದನ್ನು ಕ್ಷಣಕ್ಷಣಕ್ಕೂ ಕಿತ್ತೊಯ್ಯುವುದರಿಂದ, ಹಿತವೆನಿಸಬೇಕಾದ ತಂಪೂ ಕೊರೆಯುತ್ತದೆ. ಸ್ವೆಟರಿನೊಳಗೆ ಎದೆಗೆ ದಿನಪತ್ರಿಕೆಯ ಮಡಿಕೆ ಸೇರಿಸುವ ಹಳಬರ ಉಪಾಯ ಫಲಿಸುವುದು ಇಲ್ಲಿಯೇ: ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವಿನ ಗಾಳಿ ಕಾವನ್ನು ಹಿಡಿದಿಡುತ್ತದೆ. ದುಬಾರಿ ಜಾಕೆಟ್ಟಿನ ತತ್ತ್ವವೂ ಇಷ್ಟೇ, ಆದರೆ ಅದನ್ನು ಬಿಚ್ಚಿ ಓದಲಾಗದು. ಬೆರಳುಗಳಿಗೆ ಮಾತ್ರ ಇಂಥ ಸುಲಭದ ರಕ್ಷಣೆಯಿಲ್ಲ. ಮರಗಟ್ಟಿದ ಕೈಗೆ ಕ್ಲಚ್ಚು ಎಷ್ಟು ಒತ್ತಿತೆಂಬುದೇ ತಿಳಿಯದಿರುವುದರಿಂದ, ಬೈಕು ನಿಲ್ಲಿಸಿ ಸೈಲೆನ್ಸರಿನ ಬಳಿ ಅಂಗೈ ಕಾಯಿಸಿಕೊಳ್ಳುವುದನ್ನು ನಾಜೂಕುತನವೆಂದು ಹಳಿಯಲಾಗದು.

ಕೊಟ್ಟಿಗೆಹಾರದ ಬಿಸಿ ನೀರುದೋಸೆಯ ಬಳಿಕ ಘಾಟಿ. ಮಂಜು ಕವಿದಾಗ ಹೆಡ್‌ಲೈಟಿನ ಹೈಬೀಮ್ ಹನಿಗಳಿಗೆ ಬಡಿದು ಸವಾರನ ಕಣ್ಣಿಗೇ ಮರಳುವುದರಿಂದ ತಗ್ಗಿಸಿದ ಬೆಳಕೇ ಲೇಸು. ಇಬ್ಬನಿಗೆ ತೊಯ್ದ ತಿರುವಿನಲ್ಲಿ ಬ್ರೇಕನ್ನು ಒಮ್ಮೆಗೇ ಒತ್ತದಿರುವುದು ಇನ್ನೂ ಲೇಸು. ಸುತ್ತುಗಳು ಮುಗಿದು ಉಜಿರೆಯ ಕಡೆಗೆ ಹೊರಳುವ ಹೊತ್ತಿಗೆ ಬಿಸಿಲೇರಿ, ಕರಾವಳಿಯ ಸೆಕೆ ತಟ್ಟಿ, ಮೇಲೆ ದೇವರಂತೆ ಕಾಯ್ದ ಸ್ವೆಟರು ಹಿಂದಿನ ಸೀಟಿಗೆ ಕಟ್ಟುವ ಗಂಟಾಗುತ್ತದೆ.