ಮಿಸ್ ಮಾರ್ಪಲ್‌ಳ ಗದ್ದ

ಮಾರ್ಗರೆಟ್ ರುದರ್‌ಫರ್ಡಳನ್ನು ನಾನು ಮೊದಲು ಕಂಡದ್ದು ಬೆಂಗಳೂರು ದಂಡಿನ ಒಂದು ಚಿತ್ರಮಂದಿರದಲ್ಲಿ. ಆಗ ನಾನು ಕಾಲೇಜು ಹುಡುಗ. ಚಿತ್ರ 1961ರ ‘ಮರ್ಡರ್ ಷಿ ಸೆಡ್’. ಸಂಭಾಷಣೆಯಲ್ಲಿ ಅರ್ಧ ತಿಳಿಯಲಿಲ್ಲ. ಆದರೆ ಆಕೆಯ ಗದ್ದಕ್ಕೆ ಭಾಷಾಂತರ ಬೇಕಿರಲಿಲ್ಲ. ಒಂದರ ಕೆಳಗೊಂದು ಮಡಿಕೆ. ಪೋಲೀಸಿನವರು ತನ್ನ ಮಾತನ್ನು ನಂಬದಿದ್ದರೆ ಅವೆಲ್ಲವೂ ಸೇರಿ ಅದುರುತ್ತವೆ. ಜೊತೆಗಿದ್ದ ಸೋದರಮಾವ, “ಲೋ, ಈಕೆ ನಮ್ಮ ಅಗ್ರಹಾರದ ಅತ್ತೆಯೇ ಕಣೋ!” ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಗಾಥಾ ಕ್ರಿಸ್ಟಿ ಕಲ್ಪಿಸಿದ ಮಾರ್ಪಲ್ ಸಣಕಲು ಮುದುಕಿ. ಈಕೆಯೋ ತೇರು! ಆದರೂ ಕ್ರಿಸ್ಟಿ 1962ರ ತನ್ನ ಕಾದಂಬರಿಯೊಂದನ್ನು ಈಕೆಗೇ ಅರ್ಪಿಸಿದಳು. ಚಿತ್ರದಲ್ಲಿ ಮಾರ್ಪಲ್‌ಳ ಬೆನ್ನಿಗೆ ನೆರಳಿನಂತೆ ನಿಂತ ಸಾಧು ಮಿಸ್ಟರ್ ಸ್ಟ್ರಿಂಜರ್ ಬೇರೆ ಯಾರೂ ಅಲ್ಲ, 1945ರಲ್ಲಿ ಆಕೆ ಮದುವೆಯಾದ ಸ್ಟ್ರಿಂಜರ್ ಡೇವಿಸ್.

ಆಕೆಯ ಬಾಳಿನ ಕಥೆಯನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿ ಪುಸ್ತಕವನ್ನು ಮಗುಚಿಟ್ಟು ಸುಮ್ಮನೆ ಕುಳಿತೆ. ಆಕೆ ಹುಟ್ಟುವ ಮೊದಲೇ, 1883ರಲ್ಲಿ, ಆಕೆಯ ತಂದೆ ಬುದ್ಧಿ ಕೆಟ್ಟು ಹೆತ್ತ ತಂದೆಯನ್ನೇ ಕೊಂದಿದ್ದ, ಸತ್ತಾತ ಪಾದ್ರಿ. ಕೊಂದವನನ್ನು ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಯಲ್ಲಿ ಇರಿಸಿದರು. ಬಿಡುಗಡೆಯಾದ ಮೇಲೆ ಆತ ಬೆನ್ ಎಂಬ ಮನೆತನದ ಹೆಸರನ್ನೇ ಕೈಬಿಟ್ಟ. 1892ರಲ್ಲಿ ಮಾರ್ಗರೆಟ್ ಹುಟ್ಟಿದಳು. ಸಂಸಾರ ಹಡಗು ಹತ್ತಿ ಬಂದದ್ದು ಎಲ್ಲಿಗೆ ಅನ್ನುತ್ತೀರಿ? ನಮ್ಮ ನೆರೆಯ ಮದರಾಸಿಗೆ! ಅಲ್ಲಿ ತಾಯಿ ಕೊರಳಿಗೆ ನೇಣು ಬಿಗಿದುಕೊಂಡಳು. ಎಳೆಯ ಕೂಸನ್ನು ವಿಂಬಲ್ಡನ್ನಿನ ದೊಡ್ಡಮ್ಮನ ಮಡಿಲಿಗೆ ಕಳಿಸಿದರು. ತಂದೆ ಸತ್ತನೆಂದು ಹೇಳಿಯೇ ಬೆಳೆಸಿದರು. ಆತ ಸತ್ತಿರಲಿಲ್ಲ, ಮತ್ತೆ ಬ್ರಾಡ್‌ಮೂರಿನಲ್ಲಿದ್ದ ಎಂಬುದು ತಿಳಿದಾಗ ಹುಡುಗಿಗೆ ಹನ್ನೆರಡರ ಆಸುಪಾಸು. ಆ ರಕ್ತ ತನ್ನಲ್ಲೂ ಹರಿಯುತ್ತಿದೆಯೆಂಬ ಭಯ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

ಈ ಭಯ ನನಗೆ ಹೊಸದಲ್ಲ. ನಮ್ಮ ಚಿಕ್ಕಪ್ಪ ಕಾಶಿಯಲ್ಲಿದ್ದಾರೆಂದು ಮನೆಯಲ್ಲಿ ಹೇಳುತ್ತಿದ್ದರು. ಅವರಿದ್ದದ್ದು ಕಾಶಿಯಲ್ಲಲ್ಲ, ಊರಿಂದ ನಲವತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ. ನಿಜ ಗೊತ್ತಾದ ವರ್ಷ ನಾನು ರಾತ್ರಿ ಎದ್ದು ಕನ್ನಡಿಯಲ್ಲಿ ನನ್ನ ಕಣ್ಣುಗಳನ್ನೇ ನೋಡಿಕೊಳ್ಳುತ್ತಿದ್ದೆ.

ಆಕೆ ಪಿಯಾನೋ ಪಾಠ ಹೇಳಿ ಹೊಟ್ಟೆ ಹೊರೆದಳು. ಓಲ್ಡ್ ವಿಕ್ ರಂಗಭೂಮಿ ಹತ್ತಿದಾಗ ಮೂವತ್ತಮೂರು ವರ್ಷ. ನಾಯಕಿಯ ಮುಖವಂತೂ ಅಲ್ಲ. 1941ರಲ್ಲಿ ನೋಯೆಲ್ ಕವರ್ಡನ ‘ಬ್ಲೈದ್ ಸ್ಪಿರಿಟ್’ ನಾಟಕದಲ್ಲಿ ಪ್ರೇತಗಳನ್ನು ಕರೆಯುವ ಮೇಡಂ ಆರ್ಕಾಟಿ ಆಗಿ ಲಂಡನ್ನನ್ನು ನಗಿಸಿದಳು. ಆಕೆ ಆರ್ಕಾಟಿಯನ್ನು ಗೇಲಿ ಮಾಡಲಿಲ್ಲ; ಪ್ರೇತ ಬಂದೇ ಬರುತ್ತದೆಂದು ನಂಬಿದವಳಂತೆ ನಟಿಸಿದಳು. ನಗು ಬರುವುದೇ ಅದಕ್ಕೆ. ನಮ್ಮ ಹಾಸ್ಯಪಾತ್ರಧಾರಿಗಳು ಕಣ್ಣು ಮಿಟುಕಿಸುವುದನ್ನು ನೋಡಿದಾಗಲೆಲ್ಲ ನನಗೆ ಈಕೆ ನೆನಪಾಗುತ್ತಾಳೆ. ‘ದಿ ವಿ.ಐ.ಪಿ.ಸ್’ ಚಿತ್ರಕ್ಕೆ 1964ರಲ್ಲಿ ಆಸ್ಕರ್, 1967ರಲ್ಲಿ ಡೇಮ್ ಪದವಿ, 1972ರಲ್ಲಿ ಸಾವು.

ಮೊನ್ನೆ ಮೊಮ್ಮಗಳು ಆ ಹಳೆಯ ಚಿತ್ರವನ್ನು ಮನೆಯಲ್ಲಿ ಹಾಕಿದಳು. ಗದ್ದ ಅದುರಿತು. ಎಲ್ಲ ತಿಳಿದೂ ನನಗೆ ನಗು ಬಂದೇ ಬಂತು. “ತಾತ, ಯಾರಿದು?” ಎಂದಳು. ಮದರಾಸಿನಿಂದ ಶುರುಮಾಡಲೇ, ಕಾಶಿಯಿಂದಲೇ ಎಂದು ಯೋಚಿಸುತ್ತ, “ಮೊದಲು ಪೂರ್ತಿ ನೋಡಮ್ಮ, ಆಮೇಲೆ ಹೇಳುತ್ತೇನೆ” ಎಂದೆ.