ಚಿನ್ನದ ಸೀಮೆಯಲ್ಲಿ ವಜ್ರದ ಪ್ರಶ್ನೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಟ ರೈಲು ಕೋರಮಂಡಲ್, ಊರ್‌ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುವಾಗ ಬೂದುಬಣ್ಣದ ಗುಡ್ಡಗಳು ಕಾಣುತ್ತವೆ. ಅವು ಸಹಜ ಗುಡ್ಡಗಳಲ್ಲ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳು. ಸುಮಾರು 120 ವರ್ಷ ನಡೆದ ಕೆ.ಜಿ.ಎಫ್. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಸಾವಿರಾರು ಮನೆಗಳ ಅನ್ನದ ದಾರಿಯೂ ಅಂದೇ ಮುಚ್ಚಿತು. ಚಿನ್ನ ಕೊಟ್ಟ ನೆಲ ವಜ್ರವನ್ನೂ ಏಕೆ ಕೊಡಬಾರದು? ಇಂಥ ಊರಿನಲ್ಲಿ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ.

ಪ್ರಶ್ನೆಗೆ ಆಧಾರವೂ ಇದೆ. ವಜ್ರವನ್ನು ಮೇಲಕ್ಕೆ ತರುವುದು ಜ್ವಾಲಾಮುಖಿ. ಕೆ.ಜಿ.ಎಫ್. ಸಮೀಪದ ಪೆದ್ದಪಲ್ಲಿಯಲ್ಲಿ ಪುರಾತನ ಜ್ವಾಲಾಮುಖಿ ಸಿಡಿಸಿದ ಕಲ್ಲುಚೂರುಗಳು ಬೂದಿಯೊಡನೆ ಬೆಸೆದು ಬಂಡೆಯಾಗಿ ನಿಂತಿವೆ. ಈ ಸೀಮೆಯ ಅಗ್ನಿಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಪೆದ್ದಪಲ್ಲಿಯ ಬಂಡೆ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಆದರೆ ಎಲ್ಲ ಜ್ವಾಲಾಮುಖಿಯೂ ವಜ್ರ ತರುವುದಿಲ್ಲ. ವಜ್ರ ರೂಪುಗೊಳ್ಳುವುದು ಸುಮಾರು 150 ಕಿ.ಮೀ. ಆಳದಲ್ಲಿ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆನಿಸಿದ್ದ ಚಾಂಪಿಯನ್ ರೀಫ್ ಇಳಿದದ್ದು 3 ಕಿ.ಮೀ.ಗೆ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟು ಆಳದಿಂದ ವಜ್ರವನ್ನು ಹೊತ್ತು ಬರುವುದು ಕಿಂಬರ್ಲೈಟ್ ಎಂಬ ಶಿಲೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನಿಂದ ಅದಕ್ಕೆ ಆ ಹೆಸರು. ಅದು ಕಿರಿದಾದ ಕೊಳವೆಯಲ್ಲಿ ವೇಗವಾಗಿ ಮೇಲೇರಬೇಕು; ತಡವಾದರೆ ವಜ್ರ ಕರಗಿಹೋದೀತು. ಪೆದ್ದಪಲ್ಲಿಯ ಬಂಡೆ ಈ ಜಾತಿಯದಲ್ಲ.

ಕಿಂಬರ್ಲೈಟ್ ಕಾಣಬೇಕಾದರೆ ಬಳ್ಳಾರಿಗೆ ನೆರೆಯ ಅನಂತಪುರ ಜಿಲ್ಲೆಯ ವಜ್ರಕರೂರಿಗೆ ಹೋಗಬೇಕು. ಅಲ್ಲಿನ ಕೊಳವೆಗಳಿಗೆ ಸುಮಾರು 110 ಕೋಟಿ ವರ್ಷ. ಮಳೆ ಬಿದ್ದು ಮಣ್ಣು ತೊಳೆದಾಗ ಹೊಲಗಳಲ್ಲಿ ಜನ ಕಣ್ಣು ನೆಟ್ಟು ವಜ್ರ ಹುಡುಕುತ್ತಾರೆ. ರಾಯಚೂರು ಸೀಮೆಯಲ್ಲೂ ಕಿಂಬರ್ಲೈಟ್ ಪತ್ತೆಯಾಗಿದೆ.

ಭೂವಿಜ್ಞಾನಿಗಳು ಮಾತ್ರ ಮೊದಲು ವಜ್ರವನ್ನು ಹುಡುಕುವುದಿಲ್ಲ. ಅದು ತೀರಾ ಅಪರೂಪ. ಹಳ್ಳದ ಮರಳನ್ನು ಜರಡಿ ಹಿಡಿದು ಅದರ ಸಂಗಾತಿಗಳಾದ ಪೈರೋಪ್ ಗಾರ್ನೆಟ್, ಇಲ್ಮನೈಟ್, ಕ್ರೋಮ್ ಡಯಾಪ್ಸೈಡ್ ಹರಳುಗಳನ್ನು ಹುಡುಕುತ್ತಾರೆ. ಸಿಕ್ಕರೆ ಹಳ್ಳದ ಮೇಲ್ಭಾಗಕ್ಕೆ ನಡೆಯುತ್ತಾರೆ. ಹರಳುಗಳು ಎಲ್ಲಿ ತಟ್ಟನೆ ನಿಲ್ಲುತ್ತವೆಯೋ ಅಲ್ಲೇ ಹತ್ತಿರದಲ್ಲಿ ಕೊಳವೆ ಇರಬಹುದು. ಕೊಳವೆ ಸಿಕ್ಕರೂ ಮುಗಿಯಲಿಲ್ಲ: ಬಹುಪಾಲು ಕಿಂಬರ್ಲೈಟ್‌ಗಳಲ್ಲಿ ಗಣಿ ತೋಡುವಷ್ಟು ವಜ್ರವಿರುವುದಿಲ್ಲ.

ಆದ್ದರಿಂದ ಈ ಕೆಲಸದಲ್ಲಿ "ಇಲ್ಲ" ಎಂಬುದೂ ಬೆಲೆಯುಳ್ಳ ಉತ್ತರ. ಗಾಳಿಮಾತು ನಂಬಿ ಹಣ, ಆಸೆ ಎರಡನ್ನೂ ಕಳೆದುಕೊಳ್ಳುವುದನ್ನು ಅದು ತಪ್ಪಿಸುತ್ತದೆ. ಮಕ್ಕಳನ್ನು ಪೆದ್ದಪಲ್ಲಿಗೆ ಕರೆದೊಯ್ಯುವವರು ಭೂತಗನ್ನಡಿ, ನೋಟ್‌ಪುಸ್ತಕ ಒಯ್ದರೆ ಸಾಕು. ಸುತ್ತಿಗೆ ಬೇಡ, ಒಡೆದ ಸ್ಮಾರಕ ಮತ್ತೆ ಬೆಳೆಯುವುದಿಲ್ಲ.